ಶಾಲಿನ ಸನ್ಮಾನವೂ ಕೌದಿಯ ಉಡುಗೊರೆಯೂ

ಕನ್ನಡ ನಾಡಿನ ಸಭೆ ಸಮಾರಂಭಗಳಲ್ಲಿ ಈಗ ಒಂದು ವಿಧಿಯು ತಪ್ಪದೆ ನಡೆದು ಬರುತ್ತಿದೆ. ಅಧ್ಯಕ್ಷರ ಭಾಷಣಕ್ಕೆ ಮುಂಚೆಯೋ ಅನಂತರವೋ ಗಣ್ಯರೊಬ್ಬರನ್ನು ವೇದಿಕೆಗೆ ಕರೆದು, ಹಾರ ಹಾಕಿ, ಹಣ್ಣಿನ ಬುಟ್ಟಿಯನ್ನು ಕೈಗಿತ್ತು, ಹೆಗಲ ಮೇಲೆ ಒಂದು ಶಾಲನ್ನು ಹೊದಿಸುವರು. ಛಾಯಾಚಿತ್ರ ತೆಗೆಯುವವರೆಗೆ ಶಾಲು ಹೆಗಲ ಮೇಲಿರುತ್ತದೆ. ಆಮೇಲೆ ಕುರ್ಚಿಯ ಬೆನ್ನಿಗೆ, ಅಲ್ಲಿಂದ ಚೀಲಕ್ಕೆ, ಚೀಲದಿಂದ ಪೆಟ್ಟಿಗೆಗೆ ಹೋಗುತ್ತದೆ. ವಿದ್ಯುನ್ಮಗ್ಗದಲ್ಲಿ ಕೃತಕ ನೂಲಿನಿಂದ ನೆಯ್ದ ಆ ವಸ್ತ್ರವು ಚಳಿಯನ್ನು ತಡೆಯದು, ಬೆವರನ್ನು ಹೀರದು, ಮೈ ಒರೆಸುವುದಕ್ಕೂ ಒದಗದು. ಹತ್ತು ಸನ್ಮಾನಗಳನ್ನು ಕಂಡ ವಿದ್ವಾಂಸನ ಮನೆಯಲ್ಲಿ ಹತ್ತು ಶಾಲುಗಳು ಒಂದರ ಮೇಲೊಂದು ಮಲಗಿರುತ್ತವೆ. ಅವುಗಳಲ್ಲಿ ಒಂದು ಮತ್ತೊಬ್ಬ ಸನ್ಮಾನಿತನ ಹೆಗಲಿಗೆ ಹೊರಟುಹೋದರೂ ಯಾರಿಗೂ ಗುರುತು ಸಿಗುವುದಿಲ್ಲ. ಗುರುತು ಸಿಗದಿರುವುದೇ ಅದರ ಮುಖ್ಯವಾದ ದೋಷ.

ಸಭೆಯಲ್ಲಿ ಶಾಲು ಹೇಗೋ, ಹೆಂಗಸರ ಅರಿಸಿನ ಕುಂಕುಮದಲ್ಲಿ ರವಿಕೆಯ ಖಣವು ಹಾಗೆ. ಒಬ್ಬ ಮುತ್ತೈದೆಯು ಉಡಿಯಲ್ಲಿ ತಂದ ಖಣವನ್ನು ಮಡಿಕೆ ಬಿಚ್ಚದೆಯೆ ಇನ್ನೊಬ್ಬಳ ಉಡಿಗೆ ಹಾಕುವಳು, ಆಕೆಯು ಮೂರನೆಯವಳಿಗೆ, ಮೂರನೆಯವಳಿಂದ ಅದು ಕೆಲವು ತಿಂಗಳ ಮೇಲೆ ಮೊದಲನೆಯವಳ ಮನೆಗೇ ಹಿಂದಿರುಗುವುದೂ ಉಂಟು. ಸೂಜಿಯನ್ನು ಎಂದೂ ಕಾಣದೆ ಊರೆಲ್ಲ ಸುತ್ತುವ ಈ ಬಟ್ಟೆಯನ್ನು ಕುರಿತು ಹೆಂಗಸರೇ ನಗುತ್ತಾರೆ. ಆದರೆ ನಗುತ್ತ ನಗುತ್ತಲೇ ಮುಂದಕ್ಕೆ ಕಳುಹಿಸುತ್ತಾರೆ. ಇಲ್ಲಿಯೂ ಕೊಟ್ಟವಳ ಶ್ರಮವಿಲ್ಲ, ಕೊಂಡವಳ ಉಪಯೋಗವಿಲ್ಲ. ಕೊಡುವ ಆಚಾರವು ಉಳಿದು ಕೊಡುಗೆಯು ಸತ್ತಿದೆ.

ಹೀಗಾಗಲು ಕನ್ನಡದಲ್ಲಿ ಇದಕ್ಕೆ ತಕ್ಕ ಭಾವನೆಯೂ ಶಬ್ದವೂ ಇಲ್ಲವೇ ಎಂದರೆ, ಉಂಟು. ‘ಮುಯ್ಯಿ’ ಎಂಬ ಹಳೆಯ ಮಾತು ಇಂದಿಗೂ ಹಳ್ಳಿಗಳಲ್ಲಿ ಜೀವದಿಂದಿದೆ. ಮದುವೆಗೆ ಬಂದ ಬಂಧುಗಳು ಇತ್ತುದನ್ನು ಮನೆಯ ಹಿರಿಯರು ಬರೆದಿಟ್ಟುಕೊಂಡು, ಅವರ ಮನೆಯ ಶುಭಕಾರ್ಯದಲ್ಲಿ ಅದಕ್ಕೆ ಕಡಮೆಯಾಗದಂತೆ ತಿರುಗಿ ಸಲ್ಲಿಸುವುದು ಮುಯ್ಯಿ. ನಾಟಿ ಕೊಯ್ಲುಗಳಲ್ಲಿ ಒಂದು ಮನೆಯವರು ಇನ್ನೊಂದು ಮನೆಯ ಗದ್ದೆಗೆ ಹೋಗಿ ದುಡಿದು, ಆ ಮನೆಯವರನ್ನು ಕೂಲಿಯಿಲ್ಲದೆ ತಮ್ಮ ಗದ್ದೆಗೆ ಕರೆದುಕೊಳ್ಳುವುದು ಮುಯ್ಯಾಳು. ಹಗೆಯನ್ನು ಹಗೆಯಿಂದ ತೀರಿಸುವುದಕ್ಕೂ ಇದೇ ಮಾತನ್ನು ಜನರು ಬಳಸುವುದರಿಂದ, ಮುಯ್ಯಿಯೆಂಬುದು ಮರೆಯಲಾಗದ ಋಣದ ಹೆಸರೆಂಬುದು ಸ್ಪಷ್ಟ. ಬೆವರಿಗೆ ಬೆವರು, ದಿನಕ್ಕೆ ದಿನ, ನೆನಪಿಗೆ ನೆನಪು ಸಲ್ಲುವುದು ಇದರ ಲಕ್ಷಣ. ಶಾಲೂ ಹೊಲಿಯದ ಖಣವೂ ಈ ಲಕ್ಷಣಕ್ಕೆ ಹೊಂದುವುದಿಲ್ಲ, ಕೌದಿಯು ಹೊಂದುತ್ತದೆ. ಆದಕಾರಣ ಕೊಡುಗೆಯ ಸ್ಥಾನದಿಂದ ಶಾಲನ್ನು ಇಳಿಸಿ ಕೌದಿಯನ್ನು ಏರಿಸಬೇಕೆಂಬುದು ಇಲ್ಲಿ ಪ್ರತಿಪಾದ್ಯವಾದ ವಿಷಯ.

ಕೌದಿಯೆಂದರೇನೆಂಬುದನ್ನು ಬಡಗಣ ಕರ್ನಾಟಕದ ವಾಚಕರಿಗೆ ತಿಳಿಸಬೇಕಾದುದಿಲ್ಲ. ಮೈಸೂರು ಸೀಮೆಯವರು ಬೊಂತೆಯೆನ್ನುವುದೂ ಉತ್ತರ ಕನ್ನಡದ ಸಿದ್ದಿಯರು ಕವಂದಿಯೆನ್ನುವುದೂ ಇದರ ಬಂಧುಗಳೇ. ಉಟ್ಟು ನವೆದ ಸೀರೆ ಧೋತರಗಳನ್ನು ಒಗೆದು, ಗಟ್ಟಿಯುಳಿದ ಭಾಗಗಳನ್ನು ಹರಿದು, ಪದರದ ಮೇಲೆ ಪದರವಾಗಿ ನೆಲದ ಮೇಲೆ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನು ಜೋಡಿಸಿ, ಅಂಚಿನಿಂದ ಹೊರಟು ಸುತ್ತಿ ಸುತ್ತಿ ನಡುವಿಗೆ ಬರುವಂತೆ ಸಾಲುಹೊಲಿಗೆ ಹಾಕುವುದು ಇದರ ಕ್ರಮ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಸೀಮೆಯ ಸಿದ್ದಿ ಹೆಂಗಸರು ಮೂಲೆಯಲ್ಲಿ ಪ್ರಾರಂಭಿಸಿ, ತುಂಡಿಗೆ ತುಂಡು ಕೂಡಿಸುತ್ತ ಹೊರಗಿನಿಂದ ಒಳಕ್ಕೆ ನಡೆದು, ಕಡೆಯಲ್ಲಿ ನಾಲ್ಕು ಮೂಲೆಗಳಿಗೂ ಮಡಿಕೆಮಡಿಕೆಯಾದ ಬಟ್ಟೆಯ ಹೂವುಗಳನ್ನು ಇಡುವರು. ಇವಕ್ಕೆ ‘ಫೂಲ’ ಎಂದು ಹೆಸರು. ಹೂವಿಲ್ಲದ ಕವಂದಿಯು ಬತ್ತಲೆಯೆಂಬುದು ಅವರ ಮತ. ಹತ್ತಿ ತುಂಬಿದ ಹಾಸಿಗೆಯು ದೊರೆಯದ ಮನೆಯಲ್ಲಿಯೂ ಅಲಂಕಾರವಿಲ್ಲದ ಹೊದಿಕೆಯನ್ನು ಮಗುವಿಗೆ ಕೊಡಲಾಗದೆಂಬ ಈ ಅಭಿಮಾನವು ಸಾಮಾನ್ಯವಾದುದಲ್ಲ.

ಇಂತಹ ಹೊದಿಕೆಯಲ್ಲಿ ಅಜ್ಜಿಯ ಇಳಕಲ್ಲ ಸೀರೆಯ ಸೆರಗೂ ತಂದೆಯ ಧೋತರದ ಅಂಚೂ ಸೋದರತ್ತೆಯ ಕುಪ್ಪಸದ ತುಂಡೂ ಒಂದರ ಪಕ್ಕದಲ್ಲಿ ಒಂದು ಕೂಡಿರುತ್ತವೆ. ಚೊಚ್ಚಲ ಬಾಣಂತನಕ್ಕೆ ಬಂದ ಮಗಳು ಕೂಸಿನೊಡನೆ ಅತ್ತೆಯ ಮನೆಗೆ ಹಿಂದಿರುಗುವಾಗ, ತೊಟ್ಟಿಲಿಗೆ ಹಾಸುವ ಚಿಕ್ಕ ಕೌದಿಯನ್ನೂ ಕಸೂತಿ ಹಾಕಿದ ಕುಲಾವಿಯನ್ನೂ ತವರಿನವರು ಕಟ್ಟಿಕೊಡುವ ಪದ್ಧತಿಯು ಇದರಿಂದಲೇ ಅರ್ಥವತ್ತಾಗಿದೆ. ಕೂಸು ಮಲಗುವುದು ಬಟ್ಟೆಯ ಮೇಲಲ್ಲ, ವಂಶದ ಮೇಲೆ. ಕಸೂತಿಯಲ್ಲಿ ಗವಂತಿ, ಮುರಗಿ, ನೇಯ್ಗಿ, ಮೆಂತಿ ಎಂದು ನಾಲ್ಕು ಬಗೆಯ ಹೊಲಿಗೆಗಳುಂಟಷ್ಟೆ. ಅವುಗಳಲ್ಲಿ ಗವಂತಿಯೂ ಮುರಗಿಯೂ ಬಟ್ಟೆಯ ಎರಡು ಮೈಗಳಲ್ಲಿಯೂ ಒಂದೇ ರೂಪವಾಗಿ ಕಾಣಬೇಕು. ಎಳೆಗಳನ್ನು ಎಣಿಸಿಯೇ ಸೂಜಿಯಿಡಬೇಕು. ದಾರಕ್ಕೆ ಗಂಟು ಹಾಕಕೂಡದು. ಒಳಗೊಂದು ಹೊರಗೊಂದು ಆಗದ ಕೊಡುಗೆಗೆ ಇದಕ್ಕಿಂತ ಮೇಲಾದ ದೃಷ್ಟಾಂತವನ್ನು ಹುಡುಕುವುದು ಕಷ್ಟ.

ವಂಗದೇಶದಲ್ಲಿ ಇದೇ ಕೆಲಸಕ್ಕೆ ಕಾಂಥಾ ಎಂದು ಹೆಸರು. ಅಲ್ಲಿಯ ಹೆಂಗಸರು ಹಳೆಯ ಸೀರೆಯ ಅಂಚಿನಿಂದಲೇ ಬಣ್ಣದ ಎಳೆಗಳನ್ನು ಹಿರಿದು ಆ ಸೀರೆಯ ಮೇಲೆಯೇ ಚಿತ್ರ ಬಿಡಿಸುತ್ತಿದ್ದರು. ಗುರುಸದಯ ದತ್ತರು ಹಳ್ಳಿಹಳ್ಳಿಗಳಿಂದ ಸಂಗ್ರಹಿಸಿದ ಕಾಂಥಾಗಳು ಕೋಲ್ಕತ್ತೆಯ ಬಳಿಯ ಜೋಕಾದ ವಸ್ತುಸಂಗ್ರಹಾಲಯಕ್ಕೆ ಸೇರಿದವು. ಅವುಗಳಲ್ಲಿ ಮಾನದಾಸುಂದರಿ ಎಂಬಾಕೆಯು ತನ್ನ ತಂದೆಗೋಸ್ಕರ ಸ್ವಹಸ್ತದಿಂದ ಹೊಲಿದಳೆಂದು ದಾರದಲ್ಲಿಯೇ ಬರೆದಿರುವ ಕಾಂಥಾವು ಪ್ರಸಿದ್ಧವಾಗಿದೆ. ಜಸೀಮುದ್ದೀನರು ೧೯೨೯ರಲ್ಲಿ ಪ್ರಕಟಿಸಿದ ಕಥನಕಾವ್ಯದ ಹೆಸರಿನಲ್ಲಿಯೇ ಕಾಂಥಾವು ಸೇರಿದೆ. ೧೯೩೯ರಲ್ಲಿ ಸ್ಟೆಲ್ಲಾ ಕ್ರಾಮ್‌ರಿಶ್ ಎಂಬ ಪಂಡಿತೆಯು ಇದನ್ನು ಕುರಿತು ಪ್ರೌಢವಾದ ಲೇಖನವನ್ನೇ ಬರೆದಳು. ಕನ್ನಡದ ಕೌದಿಯು ಅಂತಹ ಕವಿಯನ್ನೂ ಪಂಡಿತನನ್ನೂ ಸಾಕಷ್ಟು ಕಾಣಲಿಲ್ಲ. ಕಾರಣವು ಕೌದಿಯಲ್ಲಿ ಇಲ್ಲ; ಕನ್ನಡಿಗರು ಅದನ್ನು ಕುರಿತು ಇಟ್ಟುಕೊಂಡಿರುವ ಕೆಲವು ಅಪನಂಬಿಕೆಗಳಲ್ಲಿ ಇದೆ. ಅವುಗಳನ್ನು ಒಂದೊಂದಾಗಿ ಪರ್ಯಾಲೋಚಿಸಬೇಕು.

ಮೊದಲನೆಯ ಪೂರ್ವಪಕ್ಷವು ಮಡಿಯವರದು. ಪರರು ಉಟ್ಟ ವಸ್ತ್ರವು ಅಶುಚಿ. ಅದರಿಂದಾದ ಕೌದಿಯನ್ನು ಸತ್ಪಾತ್ರನಿಗೆ ಹೇಗೆ ಕೊಡಬಹುದು ಎಂದು ಇವರು ಕೇಳುವರು. ಮನುಸ್ಮೃತಿಯ ನಾಲ್ಕನೆಯ ಅಧ್ಯಾಯವು ಸ್ನಾತಕನಿಗೆ ಪರರು ಧರಿಸಿದ ವಸ್ತ್ರವನ್ನು ನಿಷೇಧಿಸಿರುವುದು ನಿಜ. ಆದರೆ ಅದೇ ಶ್ಲೋಕವು ಪಾದರಕ್ಷೆಯೊಡನೆ ಪರರು ಧರಿಸಿದ ಆಭರಣವನ್ನೂ ನಿಷೇಧಿಸಿದೆ. ಅಜ್ಜಿಯ ಕಾಸಿನ ಸರವನ್ನೂ ತಾಯಿಯ ಬಳೆಗಳನ್ನೂ ಬೇಡವೆಂದು ಹಿಂದಿರುಗಿಸಿದ ಮಡಿವಂತರು ಎಷ್ಟು ಮಂದಿ? ಚಿನ್ನಕ್ಕೆ ಅಡ್ಡಬಾರದ ಶ್ಲೋಕವು ಅರಿವೆಗೆ ಮಾತ್ರ ಅಡ್ಡಬರುವುದಾದರೆ ಅದು ಶಾಸ್ತ್ರನಿಷ್ಠೆಯಲ್ಲ, ಬೆಲೆಯ ಲೆಕ್ಕ. ಅದೇ ಗ್ರಂಥದ ಐದನೆಯ ಅಧ್ಯಾಯವು ದ್ರವ್ಯಶುದ್ಧಿಯನ್ನು ಹೇಳುವಾಗ ವಸ್ತ್ರಕ್ಕೆ ನೀರಿನಿಂದಲೇ ಶುದ್ಧಿಯೆಂದು ವಿಧಿಸಿದೆ. ನವರಾತ್ರಿಗೆ ಮುಂಚೆ ಮನೆಯ ಹಾಸಿಗೆ ಹೊದಿಕೆಗಳನ್ನೆಲ್ಲ ಹೊಳೆಗೆ ಹೊತ್ತು ಒಗೆದು ಬಂಡೆಯ ಮೇಲೆ ಹರವುವ ಹೆಂಗಸರಿಗೆ ಈ ವಿಧಿಯನ್ನು ಯಾರೂ ಓದಿ ಹೇಳಬೇಕಾಗಿಲ್ಲ.

ಎರಡನೆಯ ಪೂರ್ವಪಕ್ಷವು ಇದಕ್ಕಿಂತ ಸೂಕ್ಷ್ಮವಾದುದು. ಜೀರ್ಣವಾದುದನ್ನು ಕೊಡುವುದು ಕೊಡುವವನಿಗೇ ಕುಂದು. ಕಠೋಪನಿಷತ್ತಿನಲ್ಲಿ ನಚಿಕೇತನು ತಂದೆಯ ದಾನವನ್ನು ಕಂಡು ಕಳವಳಗೊಂಡುದು ಇದಕ್ಕಾಗಿಯೇ ಅಲ್ಲವೇ ಎಂದು ಕೆಲವರು ಕೇಳಬಹುದು. ಆ ಪ್ರಸಂಗವನ್ನು ಚೆನ್ನಾಗಿ ಗಮನಿಸಬೇಕು. ಅಲ್ಲಿಯ ಗೋವುಗಳು ನೀರು ಕುಡಿದು, ಮೇವು ತಿಂದು, ಹಾಲು ಕರೆಯಿಸಿಕೊಂಡು ಮುಗಿದಂಥವು. ಕೊಂಡವನಿಗೆ ಅವುಗಳಿಂದ ಪ್ರಯೋಜನವಿಲ್ಲ, ಕೊಟ್ಟವನು ಅವುಗಳಿಗಾಗಿ ಪಟ್ಟ ಶ್ರಮವೂ ಇಲ್ಲ. ಕೌದಿಯಲ್ಲಿ ಹಳೆಯದು ದ್ರವ್ಯ ಮಾತ್ರ, ವಸ್ತುವು ಹೊಸದು. ಅದರ ಹಾಲು ಕರೆಯುವುದು ಕೊಟ್ಟ ಮೇಲೆಯೇ ಪ್ರಾರಂಭವಾಗುತ್ತದೆ. ಮೇಲಾಗಿ ಹಲವು ಸಲ ಒಗೆದು ಮೆತ್ತಗಾದ ನೂಲಿನಷ್ಟು ಹಿತವಾದುದು ಎಳೆಯ ಕೂಸಿನ ಮೈಗೆ ಬೇರೊಂದಿಲ್ಲ. ಇಲ್ಲಿ ಹಳೆಯದಾಗಿರುವುದು ಕುಂದಲ್ಲ, ಗುಣ. ನಚಿಕೇತನ ಮಾತು ತಗಲುವುದಾದರೆ ಪೆಟ್ಟಿಗೆಯಿಂದ ಪೆಟ್ಟಿಗೆಗೆ ಹೋಗುವ ಶಾಲಿಗೆ ತಗಲುತ್ತದೆ. ಅದು ಹೊಸದಾಗಿ ಕಂಡರೂ ಕರೆಯುವುದಕ್ಕೆ ಹಾಲಿಲ್ಲದ ಗೋವು.

ಮೂರನೆಯವರು, ಸೂಜಿಯ ಕೆಲಸವು ಕೆಳದರ್ಜೆಯದು, ವಿದ್ಯೆಯೆನಿಸದು ಎನ್ನುವರು. ಋಗ್ವೇದದ ಎರಡನೆಯ ಮಂಡಲದಲ್ಲಿ ರಾಕಾದೇವಿಯನ್ನು ಮುರಿಯದ ಸೂಜಿಯಿಂದ ಕಾರ್ಯವನ್ನು ಹೊಲಿಯೆಂದೂ ವೀರನಾದ ಪುತ್ರನನ್ನು ಅನುಗ್ರಹಿಸೆಂದೂ ಪ್ರಾರ್ಥಿಸಿದೆ. ಸೂಜಿಗೂ ಸಂತಾನಕ್ಕೂ ಇರುವ ಸಂಬಂಧವು ಇಂದಿನ ತವರಿನವರು ಕಂಡುಹಿಡಿದುದಲ್ಲ. ವಾತ್ಸ್ಯಾಯನನು ಎಣಿಸಿದ ೬೪ ಕಲೆಗಳಲ್ಲಿ ಸೂಚೀಕರ್ಮವೂ ಒಂದು. ಬುದ್ಧನು ಮಗಧದ ಗದ್ದೆಗಳ ಬದುಗಳನ್ನು ಆನಂದನಿಗೆ ತೋರಿಸಿ, ಭಿಕ್ಷುಗಳ ಚೀವರವನ್ನು ತುಂಡುತುಂಡಾಗಿ ಹಾಗೆಯೇ ಕೂಡಿಸಲು ಸಾಧ್ಯವೇ ಎಂದು ಕೇಳಿದನೆಂದು ವಿನಯಪಿಟಕವು ಹೇಳುತ್ತದೆ. ಮಳೆಗಾಲದ ವಾಸವು ಮುಗಿದ ಮೇಲೆ ಕಠಿನ ಚೀವರವನ್ನು ಒಂದೇ ದಿನದಲ್ಲಿ ಕತ್ತರಿಸಿ ಹೊಲಿದು ಬಣ್ಣ ಹಾಕಿ ಒಬ್ಬ ಭಿಕ್ಷುವಿಗೆ ಒಪ್ಪಿಸುವ ವಿಧಿಯೂ ಅಲ್ಲಿ ಉಂಟು. ಭರ್ತೃಹರಿಯ ವೈರಾಗ್ಯಶತಕದಲ್ಲಿ ಕಂಥೆಯು ವಿರಕ್ತನ ಸಂಪತ್ತಾಗಿ ಬಂದಿದೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆಯೂ ಕದಿರ ರೆಮ್ಮವ್ವೆಯೂ ತಮ್ಮ ಉಪಕರಣದ ಹೆಸರಿನಿಂದಲೇ ಪ್ರಸಿದ್ಧರಾದರು. ವೇದದಿಂದ ವಚನದವರೆಗೆ ಆದರಕ್ಕೆ ಪಾತ್ರವಾದುದನ್ನು ಇಂದಿನ ವೇದಿಕೆಯು ನಾಚಿಕೆಯೆಂದು ತಿಳಿಯುವುದು ಪಾಂಡಿತ್ಯವಲ್ಲ.

ನಾಲ್ಕನೆಯ ಆಕ್ಷೇಪವು ಇತರ ಆಕ್ಷೇಪಗಳಂತೆ ಸುಲಭವಾಗಿ ತಳ್ಳಿಹಾಕತಕ್ಕದ್ದಲ್ಲ. ಪುಸ್ತಕವು ಕೈಗೆ ಬರಬೇಕೆಂದು ತಲೆಮಾರುಗಳ ಕಾಲ ಹೆಣಗಿದ ಹೆಣ್ಣುಮಕ್ಕಳಿಗೆ ತಿರುಗಿ ಸೂಜಿಯನ್ನು ಹಿಡಿಯಿರೆನ್ನುವುದು ಅವರನ್ನು ಒಳಮನೆಗೆ ನೂಕುವ ಉಪಾಯವಲ್ಲವೇ? ಕೌದಿಯ ಹೊಗಳಿಕೆಯು ಹೆಂಗಸರ ದುಡಿಮೆಯನ್ನು ಕಾಸಿಲ್ಲದೆ ಪಡೆಯುವುದಕ್ಕೆ ಹೊದಿಸಿದ ಮತ್ತೊಂದು ಶಾಲಲ್ಲವೇ? ಪ್ರಶ್ನೆಯು ನ್ಯಾಯವಾದುದು. ಮಧ್ಯಾಹ್ನದ ಉಂಡ ಪಾತ್ರೆಗಳನ್ನು ಬೆಳಗಿಟ್ಟು, ಮನೆಯ ಗಂಡಸರು ಮಲಗಿದ ಹೊತ್ತಿನಲ್ಲಿ ಕಣ್ಣು ಕಿರಿದು ಮಾಡಿಕೊಂಡು ಹೊಲಿದ ಅಜ್ಜಿಯರ ಬೆನ್ನುನೋವನ್ನು ಯಾವ ಕವಿಯೂ ವರ್ಣಿಸಿಲ್ಲ. ಆದರೆ ಇದರಿಂದ ಸಿದ್ಧವಾಗುವುದು ಸೂಜಿಯು ತ್ಯಾಜ್ಯವೆಂದಲ್ಲ. ಗಂಡಸರು ಅದನ್ನು ಕಲಿಯಬೇಕೆಂದು. ಚೀವರವನ್ನು ಹೊಲಿದ ಭಿಕ್ಷುಗಳು ಪುರುಷರು, ರಾಮಿತಂದೆಯು ಪುರುಷನು, ಊರಿನ ದರ್ಜಿಗಳೂ ಬಹುಮಟ್ಟಿಗೆ ಪುರುಷರೇ. ಕೂಲಿ ಬರುವ ಕಡೆ ಸೂಜಿ ಹಿಡಿದ ಕೈಯು ಪ್ರೀತಿಗೆ ಹಿಡಿಯಲಾರದೆಂದರೆ ಒಪ್ಪುವವರಾರು? ಮಗನ ತೊಟ್ಟಿಲಿನ ಕೌದಿಗೆ ತಂದೆಯೂ ಒಂದು ಸಾಲು ಹೊಲಿಯಲಿ. ಆಗ ಆಕ್ಷೇಪದ ಹಲ್ಲು ತಾನಾಗಿ ಉದುರುತ್ತದೆ.

ಐದನೆಯ ಪಕ್ಷದವರು ಕೌದಿಯ ವೈರಿಗಳಲ್ಲ, ಮಿತ್ರರು. ಆದುದರಿಂದಲೇ ಇವರ ವಿಷಯದಲ್ಲಿ ಹೆಚ್ಚು ಎಚ್ಚರವಿರಬೇಕು. ಇವರಿಗೆ ಕೌದಿಯು ಕಲೆ. ಗೋಡೆಗೆ ತೂಗುಹಾಕುವ ವಸ್ತು. ಸಿದ್ದಿಯರ ಕವಂದಿಗಳನ್ನು ಹೆನ್ರಿ ಡ್ರೂವಲ್ ಎಂಬ ಅಮೆರಿಕದ ವಿದ್ವಾಂಸನು ಅಭ್ಯಾಸ ಮಾಡಿ ಜಗತ್ತಿಗೆ ಪರಿಚಯಿಸಿದನು. ೨೦೦೪ರಲ್ಲಿ ಆ ಹೆಂಗಸರ ಸಹಕಾರಿ ಕೂಟವೊಂದು ಹುಟ್ಟಿತು. ಅವರ ಕೈಗೆಲಸವು ಸಮುದ್ರವನ್ನು ದಾಟಿ ಪ್ರದರ್ಶನಗಳನ್ನು ಕಂಡಿತು. ೨೦೨೩ರಲ್ಲಿ ಜಿ-೨೦ ಸಭೆಯು ಹಂಪಿಯಲ್ಲಿ ನಡೆದಾಗ ಲಂಬಾಣಿ ಹೆಂಗಸರು ಹೊಲಿದ ೧,೭೫೫ ವಸ್ತುಗಳನ್ನು ಒಂದೆಡೆ ಹರವಿ ಗಿನ್ನೆಸ್ ದಾಖಲೆಯನ್ನು ಸ್ಥಾಪಿಸಿದರು. ಇವೆಲ್ಲವೂ ಸಂತೋಷದ ಸಂಗತಿಗಳೇ. ಮಾರುವುದರಲ್ಲಿ ದೋಷವಿಲ್ಲ, ದುಡಿದವಳಿಗೆ ಹಣ ಬರುವುದನ್ನು ಕಂಡು ಕೊರಗುವವನು ಸಹೃದಯನಲ್ಲ. ಆದರೆ ಕೊಂಡವನು ಕೊಟ್ಟ ಬೆಲೆಯಲ್ಲಿ ಹೊಲಿದವಳ ಪಾಲು ಎಷ್ಟೆಂದು ಕೇಳುವವರು ವಿರಳ. ಆಕೆಯ ಹೆಸರನ್ನು ಕೇಳುವವರು ಇನ್ನೂ ವಿರಳ. ಮಾನದಾಸುಂದರಿಯ ಹೆಸರು ಉಳಿದುದು ಆಕೆಯೇ ಅದನ್ನು ದಾರದಲ್ಲಿ ಬರೆದುಕೊಂಡುದರಿಂದ. ಮೇಲಾಗಿ, ಹೊಲಿದ ಮನೆಯ ಮಗುವು ಪೇಟೆಯ ಕೃತಕ ಕಂಬಳಿಯನ್ನು ಹೊದ್ದು, ಆ ಮನೆಯ ಕೌದಿಯು ದೂರದ ನಗರದ ಗೋಡೆಯ ಮೇಲೆ ಚಳಿಯಿಲ್ಲದೆ ನೇತಾಡುವುದಾದರೆ ವಿದ್ಯೆಯು ಉಳಿದೂ ವಂಶವು ಅಳಿದಂತೆ ಆಗುವುದು. ಪೇಟೆಗೆ ನೂರು ಕೌದಿಗಳು ಹೋಗಲಿ. ನೂರ ಒಂದನೆಯದು ಮನೆಯಲ್ಲಿ ಉಳಿಯಲಿ.

ಸ್ವಹಸ್ತದ ಕೊಡುಗೆಯನ್ನು ಎಲ್ಲರೂ ಅರ್ಥಮಾಡಿಕೊಳ್ಳುವರೆಂಬ ಭರವಸೆಯಿಲ್ಲವೆಂಬುದೂ ನಿಜ. ೧೯೪೭ರ ನವೆಂಬರಿನಲ್ಲಿ ಇಂಗ್ಲೆಂಡಿನ ರಾಜಕುಮಾರಿ ಎಲಿಜಬೆತ್ತಳ ವಿವಾಹಕ್ಕೆ ಗಾಂಧೀಜಿಯವರು ತಾವೇ ನೂತ ನೂಲಿನಿಂದ ಹೆಣೆಯಿಸಿದ ಒಂದು ಹತ್ತಿಯ ವಸ್ತ್ರವನ್ನು ಕಳುಹಿಸಿದರು. ರಾಣಿ ಮೇರಿಯು ಅದನ್ನು ಅವರು ಉಡುವ ಕೌಪೀನವೆಂದು ಭ್ರಮಿಸಿ ಬೇಸರಪಟ್ಟಳೆಂಬುದು ಪ್ರಸಿದ್ಧವಾಗಿದೆ. ರತ್ನಗಳ ರಾಶಿಯ ನಡುವೆ ಆ ವಸ್ತ್ರವು ಬಡವಾಗಿ ಕಂಡಿರಬಹುದು. ಆದರೆ ಇಂದು ಆ ಮದುವೆಯ ಕಾಣಿಕೆಗಳನ್ನು ಕುರಿತು ಮಾತು ಬಂದಾಗ ಈ ನಾಡಿನವರಿಗೆ ನೆನಪಾಗುವುದು ಯಾವುದು? ಕೊಡುವವನ ದಿನಗಳು ಯಾವುದರಲ್ಲಿ ಸೇರಿವೆಯೋ ಅದೇ ನೆನಪಿನಲ್ಲಿ ಉಳಿಯುತ್ತದೆ. ಸಭೆಗಳಲ್ಲಿ ಹೂವಿನ ಹಾರಕ್ಕೆ ಬದಲಾಗಿ ಕೈಯಿಂದ ನೂತ ನೂಲಿನ ಹಾರವನ್ನು ಹಾಕುವ ಪದ್ಧತಿಯು ಆ ಕಾಲದಲ್ಲಿ ಹಬ್ಬಿದುದೂ ಇದೇ ತತ್ತ್ವದಿಂದ. ಆ ನೂಲು ಬಾಡುತ್ತಿರಲಿಲ್ಲ, ಬಟ್ಟೆಯಾಗುತ್ತಿತ್ತು.

ಇನ್ನು ಮಾಡತಕ್ಕದ್ದೇನು? ಜಿಲ್ಲೆಯ ಸಾಹಿತ್ಯ ಸಂಘಗಳು ಮೊದಲ ಹೆಜ್ಜೆಯನ್ನು ಇಡಬೇಕು. ಏಕೆಂದರೆ ಶಾಲಿನ ಆಚಾರವನ್ನು ಹೆಚ್ಚಾಗಿ ಬೆಳೆಸಿದವರು ಅವರೇ. ಸಂಘವು ಹೊಲಿಯಲಾರದೆಂದು ಹೇಳಬೇಕಾಗಿಲ್ಲ. ಪ್ರತಿಯೊಬ್ಬ ಸದಸ್ಯನೂ ತನ್ನ ಮನೆಯಿಂದ ಒಗೆದ ಹಳೆಯ ವಸ್ತ್ರವೊಂದನ್ನು ತಂದು ಒಪ್ಪಿಸಲಿ. ಊರಿನಲ್ಲಿ ಕೌದಿ ಹೊಲಿಯುವ ಹೆಂಗಸರಿಗೆ, ಶಾಲುಗಳಿಗೆ ತೆರುತ್ತಿದ್ದ ಹಣವನ್ನು ನ್ಯಾಯವಾದ ಕೂಲಿಯಾಗಿ ಕೊಡಲಿ. ವೇದಿಕೆಯ ಮೇಲೆ ಸನ್ಮಾನಿತನ ಬಿರುದುಗಳನ್ನು ಓದುವಾಗ ಹೊಲಿದವಳ ಹೆಸರನ್ನೂ ಓದಲಿ. ಹೀಗೆ ಮಾಡಿದಲ್ಲಿ ಆ ವಿದ್ವಾಂಸನು ಊರಿನ ಐವತ್ತು ಮನೆಗಳ ಬಟ್ಟೆಯನ್ನು ಹೊದ್ದು ಮಲಗುವನು. ವರ್ಷಕ್ಕೆ ಹತ್ತು ಮಂದಿಯನ್ನು ಸನ್ಮಾನಿಸುವುದು ಆಗ ಸಾಧ್ಯವಾಗದು, ಒಬ್ಬರನ್ನೋ ಇಬ್ಬರನ್ನೋ ಸನ್ಮಾನಿಸಬಹುದಷ್ಟೆ ಎಂದು ಕಾರ್ಯದರ್ಶಿಗಳು ಕೊರಗಬಹುದು. ಅದು ಈ ಪದ್ಧತಿಯ ದೋಷವಲ್ಲ. ಅದರ ಎರಡನೆಯ ಪ್ರಯೋಜನ.

ಗೃಹಸ್ಥರು ಮಾಡತಕ್ಕದ್ದು ಇದಕ್ಕಿಂತ ಚಿಕ್ಕದು. ಸುತ್ತುವ ಖಣಗಳು ಮನೆಗೆ ಬಂದಾಗ ಅವುಗಳ ಪ್ರಯಾಣವನ್ನು ಅಲ್ಲಿಗೇ ನಿಲ್ಲಿಸಿ ಕತ್ತರಿ ಹಾಕಲಿ. ಗುಳೇದಗುಡ್ಡದ ಖಣಕ್ಕೆ ಕೌದಿಯ ನಡುವಿಗಿಂತ ಒಳ್ಳೆಯ ಜಾಗವಿಲ್ಲ. ನೆರೆಯ ನಾಲ್ಕು ಮನೆಯವರು ಮುಯ್ಯಾಳಿನ ಕ್ರಮದಲ್ಲಿ ಕುಳಿತು ಈ ತಿಂಗಳು ಒಬ್ಬರದನ್ನು, ಬರುವ ತಿಂಗಳು ಇನ್ನೊಬ್ಬರದನ್ನು ಹೊಲಿದರೆ ಕೆಲಸವೂ ಹಗುರ, ಮಾತೂ ಸುಖ. ಶಾಲೆಗಳಲ್ಲಿ ಹುಡುಗರಿಗೂ ಹುಡುಗಿಯರಿಗೂ ವರ್ಷದಲ್ಲಿ ಒಂದು ತುಂಡನ್ನಾದರೂ ಕೂಡಿಸಲು ಕಲಿಸಲಿ. ಸೂಜಿಗೆ ದಾರ ಪೋಣಿಸಬಲ್ಲ ಬಾಲಕನಿಗೆ ಸಂಧಿಪ್ರಕರಣವು ಕಷ್ಟವಾಗದು. ಎಲ್ಲಕ್ಕಿಂತ ಮೊದಲು, ಕೌದಿಯ ಸಾಲನ್ನು ಸೊಟ್ಟವಾಗದಂತೆ ನಡೆಸಬಲ್ಲ ಮುದುಕಿಯರು ಯಾವ ಯಾವ ಮನೆಗಳಲ್ಲಿ ಇದ್ದಾರೋ ಆ ಆ ಮನೆಯ ಕಿರಿಯರು ಅವರ ಪಕ್ಕದಲ್ಲಿ ಕುಳಿತುಕೊಳ್ಳಲಿ. ಈ ವಿದ್ಯೆಗೆ ಗ್ರಂಥವಿಲ್ಲ. ಕೈಯಿಂದ ಕೈಗೆ ಮಾತ್ರ ಇದರ ಪರಂಪರೆ. ಒಂದು ತಲೆಮಾರು ನೋಡದೆ ಬಿಟ್ಟರೆ ಮುಂದಿನದಕ್ಕೆ ಹುಡುಕಿದರೂ ದೊರೆಯದು.

‘ಕಂತೆಗೆ ತಕ್ಕ ಬೊಂತೆ’ ಎಂಬ ಗಾದೆಯನ್ನು ಜನರು ಅವಹೇಳನಕ್ಕಾಗಿ ಆಡುತ್ತಾರೆ. ಆ ಗಾದೆಯನ್ನು ಸಭೆಗಳಿಗೆ ಹಿಡಿದು ನೋಡಿದರೆ, ಕೃತಕವಾದ ಹೊಗಳಿಕೆಗೆ ಕೃತಕವಾದ ಶಾಲು ತಕ್ಕುದೇ ಆಗಿದೆ. ನಿಜವಾದ ಗೌರವವು ಸಭೆಯಲ್ಲಿ ಉಳಿದಿದೆಯೆನ್ನುವವರು ಅದಕ್ಕೆ ತಕ್ಕ ಹೊದಿಕೆಯನ್ನು ಒದಗಿಸುವ ಭಾರವನ್ನು ಹೊರಬೇಕು. ಬರುವ ವಾರ್ಷಿಕೋತ್ಸವಕ್ಕೆ ಇನ್ನೂ ಕಾಲಾವಕಾಶವಿದೆ. ಒಂದು ಕೌದಿಗೆ ಅಷ್ಟು ಕಾಲ ಸಾಕು.